ಚುಕ್ಕೆ ಬಿದ್ದ ಮೆಕ್ಕೆಜೋಳದ ಕಾಳನ್ನು ಓದುವ ಬಗೆ

ಚುಕ್ಕೆ ಬಿದ್ದ ತೆನೆ ಕೈಗೆ ಸಿಕ್ಕ ಕೂಡಲೇ ಡಿಎನ್‌ಎ ಪರೀಕ್ಷೆಗೆ ಆತುರಪಡಬೇಡಿ. ಒಂದು ಕಾಳನ್ನು ನೆನೆಸಿ, ಹೊರಸಿಪ್ಪೆ ಸುಲಿಯಿರಿ. ಬಣ್ಣ ಸಿಪ್ಪೆಯೊಂದಿಗೇ ಬಂದರೆ ಅದು ತಾಯಿಗಿಡದ ಅಂಗಾಂಶದಲ್ಲಿ ಆದ ಬದಲಾವಣೆ. ಚುಕ್ಕೆ ಒಳಗೇ ಉಳಿದರೆ ಅದು ಸಿಪ್ಪೆಯ ಕೆಳಗಿನ ತೆಳುವಾದ ಅಲ್ಯೂರೋನ್ ಪದರದ್ದು, ಆ ಕಾಳಿಗೆ ಮಾತ್ರ ಸೇರಿದ್ದು. ನನಗೆ ಹೆಚ್ಚು ಇಷ್ಟವಾದದ್ದು ಈ ಎರಡನೆಯದು.

ಈಗ ಭೂತಗನ್ನಡಿ ಹಿಡಿಯಿರಿ. ಬಣ್ಣದ ಜೀನಿನೊಳಗೆ ಡಿಎಸ್ ಎಂಬ, ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್‌ಎ ತುಣುಕು ಹೊಕ್ಕರೆ ಬಣ್ಣ ನಿಲ್ಲುತ್ತದೆ. ಅದು ಹೊರಬಿದ್ದ ಕೋಶವೂ ಅದರ ಸಂತತಿಯೂ ಮತ್ತೆ ಬಣ್ಣ ತಳೆಯಬಲ್ಲವು. ದೊಡ್ಡ ಮಚ್ಚೆಯಿದ್ದರೆ ಕಾಳಿನ ಬೆಳವಣಿಗೆಯಲ್ಲಿ ಜಿಗಿತ ಬೇಗ ಆಗಿದೆ, ಸಣ್ಣ ಚುಕ್ಕೆಯಿದ್ದರೆ ತಡವಾಗಿ. ಡಿಎಸ್ ತಾನಾಗಿ ಜಿಗಿಯಲಾರದು. ಎಸಿ ಎಂಬ ಇನ್ನೊಂದು ತುಣುಕು ತಯಾರಿಸುವ ಕಿಣ್ವ ಬೇಕು. ಎಸಿ ಪ್ರತಿಗಳು ಹೆಚ್ಚಿದಷ್ಟೂ ಜಿಗಿತ ತಡವಾಗಿ ಚುಕ್ಕೆ ಚಿಕ್ಕದಾಗುತ್ತದೆ. ಅಲ್ಯೂರೋನ್‌ನಲ್ಲಿ ತಾಯಿಯ ಎರಡು ಪಾಲು, ತಂದೆಯ ಒಂದು ಪಾಲು ಇರುವುದರಿಂದ, ಎಸಿ ಯಾವ ಕಡೆಯಿಂದ ಬಂತೆಂಬುದೂ ಚುಕ್ಕೆಯ ಗಾತ್ರದಲ್ಲಿ ಕಾಣುತ್ತದೆ. ಆದ್ದರಿಂದ ಬೀಜದ ಚೀಲದ ಮೇಲೆ ತಾಯಿ ಯಾವುದು, ತಂದೆ ಯಾವುದು ಎಂದು ಬರೆಯಲೇಬೇಕು. ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ, ಡಿಎನ್‌ಎಯ ಜೋಡಿ ಸುರುಳಿ ಇನ್ನೂ ತಿಳಿಯದಿದ್ದಾಗ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾ ಕೇಂದ್ರದಲ್ಲಿ ಕಾಳುಗಳಿಂದಲೇ ಇದನ್ನು ಓದಿದರು. ನೊಬೆಲ್ ಬಂದದ್ದು 1983ರಲ್ಲಿ. ಎಷ್ಟು ಸಲ ನೆನೆದರೂ ನನಗೆ ರೋಮಾಂಚನವಾಗುತ್ತದೆ.

ಚುಕ್ಕೆಯೇ ಇಲ್ಲದ ಬಿಳಿಯ ಕಾಳಿಗೆ ‘ಜೀನ್ ಕೆಟ್ಟಿದೆ’ ಎಂದು ಚೀಟಿ ಅಂಟಿಸಬೇಡಿ. ಅದನ್ನು ಬಿತ್ತಿ, ಎಸಿ ಇರುವ ಗಿಡದೊಂದಿಗೆ ಸಂಕರಿಸಿ. ಚುಕ್ಕೆ ಮರಳಿದರೆ ಡಿಎಸ್ ಸ್ವಸ್ಥಾನದಲ್ಲೇ ಇದೆ. ಮರಳದಿದ್ದರೆ ಆ ಜಾಗದ ಡಿಎನ್‌ಎ ಅಕ್ಷರಗಳನ್ನು ಓದಿಸಿ. ಡಿಎಸ್ ಹೊಕ್ಕಾಗ ಅಲ್ಲಿನ 8 ಅಕ್ಷರಗಳು ಇಮ್ಮಡಿಯಾಗುತ್ತವೆ, ಹೊರಬಿದ್ದಾಗ ಸಾಮಾನ್ಯವಾಗಿ ಗುರುತು ಉಳಿಯುತ್ತದೆ. ಹೆಚ್ಚುವರಿ 8 ಅಕ್ಷರಗಳೂ ಅಲ್ಲೇ ಉಳಿದುಬಿಟ್ಟರೆ, ಜೀನಿನ ಅಕ್ಷರಗಳನ್ನು ಮೂರು ಮೂರಾಗಿ ಓದುವ ಕ್ರಮವೇ ತಪ್ಪುತ್ತದೆ. ತುಣುಕು ಹೋಗಿದೆ, ಬಣ್ಣ ಮಾತ್ರ ಬಾರದು. ಇದು ಅಕ್ಷರಗಳೇ ಬದಲಾದ ಅನುವಂಶೀಯ (ಜೆನೆಟಿಕ್) ಬದಲಾವಣೆ.

ಎಸ್‌ಪಿಎಂ ಎಂಬ ಮತ್ತೊಂದು ಜಿಗಿಯುವ ತುಣುಕಿನದು ಬೇರೆ ವರ್ತನೆ. ಅಕ್ಷರ ಒಂದೂ ಬದಲಾಗದೆ, ಅದರ ಆರಂಭದ ಭಾಗಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿ ಅದು ಸುಮ್ಮನಾಗಬಹುದು. ಮುಂದಿನ ಪೀಳಿಗೆಯಲ್ಲಿ ಎಚ್ಚರಗೊಳ್ಳಲೂಬಹುದು. ಇದೇ ಎಪಿಜೆನೆಟಿಕ್ ಬದಲಾವಣೆ. ಡಿಎನ್‌ಎಯನ್ನು ಎಂಎಸ್‌ಪಿ-1 ಮತ್ತು ಎಚ್‌ಪಿಎ-2 ಕಿಣ್ವಗಳಿಂದ ಬೇರೆ ಬೇರೆಯಾಗಿ ಕತ್ತರಿಸಿ ನೋಡಿ. ಎರಡೂ ಸಿಸಿಜಿಜಿ ಎಂಬಲ್ಲಿ ಕತ್ತರಿಸುತ್ತವೆ, ಆದರೆ ಒಳಗಿನ ‘ಸಿ’ ಅಕ್ಷರಕ್ಕೆ ಮೀಥೈಲ್ ಅಂಟಿದ್ದರೆ ಎಚ್‌ಪಿಎ-2 ಕತ್ತರಿಸುವುದಿಲ್ಲ. ಹೋಲಿಸುವ ಗಿಡಗಳಿಂದ ಒಂದೇ ವಯಸ್ಸಿನ, ಒಂದೇ ಸ್ಥಾನದ ಎಲೆಯನ್ನೇ ತೆಗೆದುಕೊಳ್ಳಿ. ಒಂದೇ ಗಿಡದ ಬೇರೆ ಬೇರೆ ಭಾಗಗಳಲ್ಲೂ ಮೀಥೈಲ್ ಪ್ರಮಾಣ ಬದಲಾಗುತ್ತದೆ. ಎಂಎಸ್‌ಪಿ-1 ಮಾತ್ರ ಕತ್ತರಿಸಿದರೆ ಅಲ್ಲಿ ಮೀಥೈಲ್ ಅಂಟಿದೆ ಎಂದರ್ಥ; ಆ ಗಿಡದ ಬೀಜವನ್ನು ಎಸೆಯದೆ ಬಿತ್ತಿ, ಮುಂದಿನ ತೆನೆಗಳಲ್ಲಿ ಚುಕ್ಕೆ ಹುಡುಕಿ.