ಸವೆದ ಕುಡುಗೋಲಿಗೆ ಬಣ್ಣ ಬೇಡ

ಗುಜರಿ ಕಬ್ಬಿಣದಲ್ಲಿ ಶಿಲ್ಪ ಮಾಡುವಾಗ ನಾನು ಮೊದಲು ನೋಡುವುದು ಸವೆತವನ್ನು. ಗುದ್ದಲಿಯ ಒಂದೇ ಮೂಲೆ ಸವೆದಿದ್ದರೆ, ಹಿಡಿದವರು ಯಾವ ಕಡೆಗೆ ವಾಲಿ ಅಗೆಯುತ್ತಿದ್ದರು ಅನ್ನುವುದು ಅದರಲ್ಲೇ ಇದೆ. ಅದನ್ನು ಹಕ್ಕಿ ಮಾಡಿದರೆ ಕತ್ತೂ ಅದೇ ಕಡೆ ವಾಲಬೇಕು. ಗ್ರೈಂಡರ್ ಹಿಡಿದು ಮೂಲೆ ಸಮ ಮಾಡುವುದಾದರೆ ಅಂಗಡಿಯಿಂದ ಹೊಸ ತಗಡನ್ನೇ ತರಬಹುದು.

ತುಕ್ಕಿಗೆ ಆಸಿಡ್ ಬಳಸುವುದಿಲ್ಲ. ಅದು ಒಳ್ಳೆಯ ಕಬ್ಬಿಣವನ್ನೂ ತಿಂದು ಕಮ್ಮಾರನ ಸುತ್ತಿಗೆ ಗುರುತನ್ನು ಅಳಿಸುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಚಾರ್ಜರಿನ ನೆಗೆಟಿವ್ ತಂತಿಯನ್ನು ವಸ್ತುವಿಗೆ, ಪಾಸಿಟಿವ್ ತಂತಿಯನ್ನು ಬೇಡದ ಕಬ್ಬಿಣದ ಪಟ್ಟಿಗೆ ಕೊಟ್ಟು ಎರಡನ್ನೂ ಆ ನೀರಿಗಿಳಿಸುತ್ತೇನೆ; ಕರೆಂಟು ಹರಿದು ತುಕ್ಕು ಸಡಿಲವಾಗುತ್ತದೆ. ಅದಲುಬದಲಾದರೆ ಕುಡುಗೋಲೇ ಕರಗುತ್ತದೆ. ಪಟ್ಟಿ ಸ್ಟೇನ್‌ಲೆಸ್ ಆಗಿರಬಾರದು, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಡ್ರಮ್ಮು ಬಯಲಲ್ಲೇ ಇರಬೇಕು.

ಆಯುಧಪೂಜೆಯ ಅರಿಸಿನ ಕುಂಕುಮ ವರ್ಷಗಟ್ಟಲೆ ಎಣ್ಣೆಜಿಡ್ಡಿನ ಜೊತೆ ಗಟ್ಟಿಯಾಗಿ ಕೂತ ಸಾಮಾನೂ ಬರುತ್ತದೆ. ಅಂಥದ್ದನ್ನು ಸೋಡಾ ನೀರಿಗೆ ಹಾಕುವುದೇ ಇಲ್ಲ. ಬೆಸುಗೆ ಬೀಳುವ ಕಡೆ ಅಂಗುಲದಷ್ಟು ಜಾಗ ಮಾತ್ರ ಕೆರೆಯುತ್ತೇನೆ; ಜಿಡ್ಡು ಉಳಿದರೆ ಬೆಸುಗೆಯೊಳಗೆ ಗಾಳಿಗುಳ್ಳೆ ಸೇರುತ್ತದೆ.

ಬೆಸುಗೆಗೆ ಮೊದಲು ಕಾಣದ ಬದಿಯಲ್ಲಿ ಗ್ರೈಂಡರ್ ತಾಗಿಸಿ ಕಿಡಿ ನೋಡಬೇಕು. ಉದ್ದನೆಯ ನೇರ ಕಿಡಿ ಬಂದರೆ ಮೆದು ಕಬ್ಬಿಣ: 2.5 ಮಿ.ಮೀ. ಬೆಸುಗೆ ರಾಡು, 70–90 ಆಂಪಿಯರ್ ಸಾಕು. ಕವಲೊಡೆದು ಹೂವಿನಂತೆ ಸಿಡಿದರೆ ಕಾರ್ಬನ್ ಹೆಚ್ಚು. ಲಾರಿಯ ಸ್ಪ್ರಿಂಗ್ ಪಟ್ಟಿ ಈ ಜಾತಿಯದು. 200–300 ಡಿಗ್ರಿಗೆ ಕಾಯಿಸದೆ ಬೆಸೆದರೆ ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಬೆಸೆದ ಮೇಲೆ ಒಣ ಬೂದಿಯಲ್ಲಿ ಹೂತಿಡಬೇಕು. ಮೋಟು, ಮಂಕು ಕೆಂಪು ಕಿಡಿಯಾದರೆ ಬೀಡು ಕಬ್ಬಿಣ. ಅದಕ್ಕೆ ನಿಕ್ಕಲ್ ರಾಡೇ ಬೇಕು. ಒಮ್ಮೆಗೆ 25 ಮಿ.ಮೀ. ಉದ್ದ ಮಾತ್ರ ಬೆಸುಗೆ ಎಳೆದು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಸತುವಿನ ಲೇಪದ ಬಕೆಟ್ಟಿನ ಲೇಪ ತೆಗೆಯದೆ ಬೆಸೆಯಬೇಡಿ, ಬಿಳಿ ಹೊಗೆ ಕುಡಿದವರಿಗೆ ರಾತ್ರಿಯೊಳಗೆ ಚಳಿಜ್ವರ.

ಕುಡುಗೋಲಿನ ಅಲಗಿಗೆ ನನ್ನ ಆಯ್ಕೆ ಬೆಸುಗೆಯಲ್ಲ, ರಿವೆಟ್ಟು, ಅಂದರೆ ತೂತಿಗೆ ತೂರಿಸಿ ತುದಿ ಬಡಿದು ಕೂಡಿಸುವ ಮೊಳೆ. ಶಾಖ ತಾಗಿದರೆ ಹಳೆಯ ಕಪ್ಪು ಬಣ್ಣ ಹಾರಿ ನೀಲಿ ಪಟ್ಟೆ ಮೂಡುತ್ತದೆ, ಅದು ಮತ್ತೆ ಹೊಂದುವುದಿಲ್ಲ. 6 ಮಿ.ಮೀ. ರಿವೆಟ್ಟಿಗೆ 6.5ರ ತೂತು, ಬಡಿಯಲು 9 ಮಿ.ಮೀ. ಹೊರಗೆ ಉಳಿಯಲಿ.

ಪೇಂಟಿನ ಬದಲು ಅಳಲೆಕಾಯಿ. ಲೀಟರಿಗೆ 100 ಗ್ರಾಂ ಪುಡಿ ಹಾಕಿ ಅರ್ಧ ಗಂಟೆ ಕುದಿಸಿ, ಸೋಸಿ, ಉಳಿದ ತುಕ್ಕಿನ ಮೇಲೆ ಹಚ್ಚಿದರೆ ಒಂದು ದಿನದಲ್ಲಿ ಕಪ್ಪಾಗುತ್ತದೆ. ಒಣಗಿದ ಮೇಲೆ ಜೇನುಮೇಣ ತಿಕ್ಕುತ್ತೇನೆ. ಇದು ಒಳಾಂಗಣಕ್ಕೆ ಸರಿ. ಮಳೆಗೆ ಒಡ್ಡಿದರೆ ಪ್ರತಿ ಮಳೆಗಾಲಕ್ಕೆ ಮುನ್ನ ಮೇಣ ಹೊಸದಾಗಬೇಕು, ಮಂಗಳೂರು ಕಡೆಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ.