ಐಷಾರಾಮಿ ಎಸ್‌ಯುವಿಗೆ ಹೊಸ ವೀಲ್, ಟೈರ್: ಅಂದ ಆಮೇಲೆ, ಅಳತೆ ಮೊದಲು

ಅಂಗಡಿಗೆ ಹೋಗುವ ಮೊದಲು ಡ್ರೈವರ್ ಬಾಗಿಲು ತೆಗೆದು ಪಕ್ಕದ ಸ್ಟಿಕ್ಕರ್ ನೋಡಿ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಗಿರುತ್ತದೆ. ಕಂಪನಿ ಹೇಳಿದ ಟೈರ್ ಸೈಜು, ಗಾಳಿಯ ಪ್ರಮಾಣ ಎರಡೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಫೋಟೊ ತೆಗೆದಿಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿದ ಕಪ್ಪು ಅಲಾಯ್ ರಿಮ್‌ಗಳ ಮುಂದೆ ಮನಸ್ಸು ಜಾರಿದಾಗ ಈ ಫೋಟೊ ಬೇಕಾಗುತ್ತದೆ.

ಟೈರ್ ಮೇಲೆ 235/55 ಆರ್19 101ವಿ ಅಂತ ಇದೆ ಎಂದುಕೊಳ್ಳಿ. ಅಗಲ 235 ಮಿ.ಮೀ. ಪಕ್ಕದ ಗೋಡೆಯ, ಅಂದರೆ ಸೈಡ್‌ವಾಲ್‌ನ ಎತ್ತರ, ಆ ಅಗಲದ ಶೇ 55. ರಿಮ್ 19 ಇಂಚು. 101 ಎಂದರೆ ಒಂದು ಟೈರ್ 825 ಕೆ.ಜಿ. ಹೊರುತ್ತದೆ. ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗದವರೆಗೆ ತಾಳಿಕೊಳ್ಳುತ್ತದೆ. ಕೊನೆಯ ಈ ಎರಡನ್ನು ಕಂಪನಿ ಹೇಳಿದ್ದಕ್ಕಿಂತ ಇಳಿಸಲೇಬೇಡಿ. ಎರಡು ಟನ್ ತೂಗುವ, ಜೋರಾಗಿ ಓಡುವ ಗಾಡಿಯಲ್ಲಿ ಚೌಕಾಸಿ ಮಾಡುವ ಜಾಗ ಇದಲ್ಲ.

ಇನ್ನು ಎಲ್ಲರೂ ಎಡವುವ ಜಾಗ: ರಿಮ್ ಸೈಜು. ಇದೇ ಗಾಡಿಗೆ 255/40 ಆರ್21 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ: 741 ಮಿ.ಮೀ. ಇದ್ದದ್ದು 737. ಸ್ಪೀಡೋಮೀಟರ್‌ಗೆ ತೊಂದರೆ ಇಲ್ಲ. ಆದರೆ ಸೈಡ್‌ವಾಲ್ 129 ಮಿ.ಮೀ.ನಿಂದ 102ಕ್ಕೆ ಇಳಿಯುತ್ತದೆ. ಒಂದು ಇಂಚಿಗೂ ಜಾಸ್ತಿ ರಬ್ಬರ್ ಹೋಯಿತು. ಮಳೆ ಬಿದ್ದ ರಾತ್ರಿ ಔಟರ್ ರಿಂಗ್ ರಸ್ತೆಯಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಬಿದ್ದಾಗ ರಿಮ್ ಉಳಿಸಬೇಕಾದದ್ದು ಆ ರಬ್ಬರ್. ಅದು ಕಡಿಮೆ ಆದಷ್ಟೂ ಟೈರ್ ಪಕ್ಕದಲ್ಲಿ ಉಬ್ಬುವುದು, ರಿಮ್ ಬೆಂಡ್ ಆಗುವುದು ಜಾಸ್ತಿ. ನನ್ನ ಕೇಳಿದರೆ, ಈ ಊರಿನಲ್ಲಿ ಓಡಿಸುವವರು ಇರುವ ಸೈಜಿನಲ್ಲೇ ಇರಲಿ. ಸಾಧ್ಯವಾದರೆ ಒಂದು ಇಂಚು ಇಳಿಸಲಿ. ಸಾಧ್ಯವಾದರೆ ಅಂದದ್ದು ಯಾಕೆಂದರೆ, ಇಂಥ ಗಾಡಿಗಳ ಬ್ರೇಕ್ ಕ್ಯಾಲಿಪರ್, ಅಂದರೆ ಡಿಸ್ಕನ್ನು ಹಿಡಿಯುವ ಭಾಗ, ದಪ್ಪ. ಚಿಕ್ಕ ರಿಮ್ ಅದಕ್ಕೆ ತಾಗಬಹುದು.

ರಿಮ್ ಆರಿಸುವಾಗ ಪಿಸಿಡಿ, ಅಂದರೆ ಬೋಲ್ಟ್ ತೂತುಗಳು ಕೂತ ವೃತ್ತದ ಅಳತೆ ನೋಡಿ. 5×112 ಎಂದರೆ ಐದು ತೂತು, ವೃತ್ತದ ವ್ಯಾಸ 112 ಮಿ.ಮೀ. ಆಡಿ, ಮರ್ಸಿಡಿಸ್, ಈಗಿನ ಬಿಎಂಡಬ್ಲ್ಯು ಎಸ್‌ಯುವಿಗಳು ಹೆಚ್ಚಾಗಿ 5×112. ಹಳೆಯ ಬಿಎಂಡಬ್ಲ್ಯು 5×120, ವೋಲ್ವೊ 5×108. ಪಿಸಿಡಿ ಕೂಡಿದರೂ ನಡುವಿನ ತೂತು ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಬೇಕು. ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ಆಫ್‌ಸೆಟ್, ಅಂದರೆ ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖದವರೆಗಿನ ಮಿ.ಮೀ. ದೂರ, ಇದರ ಬಗ್ಗೆ ಅಂಗಡಿಯವರು ‘ಆಗುತ್ತೆ ಸಾರ್’ ಅಂದುಬಿಡುತ್ತಾರೆ. ನೀವೇ ಲೆಕ್ಕ ಹಾಕಿ. 8 ಇಂಚು ಅಗಲ, ಆಫ್‌ಸೆಟ್ 45 ಇರುವ ರಿಮ್ ತೆಗೆದು 9 ಇಂಚು, ಆಫ್‌ಸೆಟ್ 35 ಹಾಕಿದಿರಿ. ಅಗಲ ಹೆಚ್ಚಾದದ್ದರ ಅರ್ಧ ಸುಮಾರು 13 ಮಿ.ಮೀ., ಆಫ್‌ಸೆಟ್‌ನಿಂದ 10. ಒಟ್ಟು 23 ಮಿ.ಮೀ. ಹೊರಗೆ ಬರುತ್ತದೆ. ಹಿಂದಿನ ಸೀಟು ತುಂಬಿಸಿ ಹಂಪ್ ಹತ್ತಿಸಿದಾಗ ಟೈರ್ ಫೆಂಡರ್‌ಗೆ ಉಜ್ಜಿದರೆ ಆಶ್ಚರ್ಯ ಇಲ್ಲ. ಕಂಪನಿ ಅಳತೆ ಮೀರಿದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ತಕರಾರೂ ಬರಬಹುದು. ವಿಮೆಯವರಿಗೂ ಮೊದಲೇ ತಿಳಿಸಿ.

ಟೈರ್ ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಟೈರ್ ಪಕ್ಕದಲ್ಲಿರುವ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿ 2325 ಇದ್ದರೆ 2025ರ 23ನೇ ವಾರ. ಟೈರ್ ಆಮದಿಗೆ 2020ರಿಂದ ನಿರ್ಬಂಧ ಇರುವುದರಿಂದ ದೊಡ್ಡ ಸೈಜಿನವು ಗೋಡೌನ್‌ನಲ್ಲಿ ಕೂತಿದ್ದೂ ಬರಬಹುದು. ಐಎಸ್‌ಐ ಗುರುತೂ ಇರಲಿ. ಪೋರ್ಷೆಗೆ ಎನ್, ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಹೀಗೆ ಕಾರು ಕಂಪನಿಯೇ ಒಪ್ಪಿದ ಗುರುತಿನ ಟೈರ್ ಸಿಕ್ಕರೆ ಒಳ್ಳೆಯದು. ಆಲ್ ವೀಲ್ ಡ್ರೈವ್ ಗಾಡಿಗೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಎರಡು ಹೊಸದು, ಎರಡು ಸವೆದದ್ದು ಇದ್ದರೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆ ಸುಮ್ನೆ ಹೊರೆ.

ಫಿಟ್ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಬೋಲ್ಟ್ ಕೊನೆಗೆ ಅಳತೆಗೆ ತಕ್ಕಷ್ಟೇ ಬಿಗಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿಯಾಗಬೇಕು, ಬರೀ ಏರ್ ಗನ್‌ನಲ್ಲಿ ಅಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಬೋಲ್ಟ್ ಮತ್ತೆ ಪರೀಕ್ಷಿಸಿ. ಹಳೆಯ ಬೋಲ್ಟ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಹೊಸ ರಿಮ್‌ಗೆ ತಲೆಯ ಕೆಳಭಾಗ ಶಂಕುವಿನಂತಿರುವ ಬೋಲ್ಟ್ ಕೊಟ್ಟಿದ್ದರೆ, ಸ್ಟೆಪ್ನಿಗೆ ಆ ಭಾಗ ಗುಂಡಗಿರುವ ಹಳೆಯದ್ದೇ ಬೇಕಾಗಬಹುದು.