ಎತ್ತರ ಮೊದಲು, ಎಚ್‌ಪಿ ಕೊನೆಗೆ: ಮನೆಗೆ ಮೋಟಾರ್ ಆರಿಸುವುದು ಹೇಗೆ?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮೇಲಿನ ಮನೆಯ ಶವರ್‌ನಲ್ಲಿ ನೀರು ಸಣ್ಣಗೆ ಬರುತ್ತದೆ. ಕೂಡಲೇ ಸಂಪಿನ ಅರ್ಧ ಎಚ್‌ಪಿ ಮೋಟಾರ್ ಕಿತ್ತು ಒಂದೂವರೆ ಎಚ್‌ಪಿ ಕೂರಿಸುತ್ತಾರೆ. ಟ್ಯಾಂಕ್ ಬೇಗ ತುಂಬುತ್ತದೆ, ಶವರ್ ಮಾತ್ರ ಹಾಗೇ ಇರುತ್ತದೆ. ಪವರ್ ಬೇರೆ, ಪ್ರೆಶರ್ ಬೇರೆ.

ಪ್ರೆಶರ್ ಎಂದರೆ ಇಷ್ಟು ಜಾಗದ ಮೇಲೆ ಇಷ್ಟು ಬಲ ಎಂಬ ಲೆಕ್ಕ. ಪುಸ್ತಕದಲ್ಲಿ ಪ್ಯಾಸ್ಕಲ್, ಪ್ಲಂಬರ್ ಬಾಯಲ್ಲಿ ಕೆಜಿ. ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಕೆಜಿ ಭಾರ ಬಿದ್ದರೆ ಒಂದು ಕೆಜಿ ಪ್ರೆಶರ್. ಪವರ್ ಎಂದರೆ ಸೆಕೆಂಡಿಗೆ ಆಗುವ ಕೆಲಸ. ಅದರ ಅಳತೆ ವ್ಯಾಟ್. 746 ವ್ಯಾಟ್ ಸೇರಿದರೆ ಒಂದು ಎಚ್‌ಪಿ. ಪ್ರೆಶರ್ ಅನ್ನು ಸೆಕೆಂಡಿಗೆ ಹರಿಯುವ ನೀರಿನಿಂದ ಗುಣಿಸಿದರೆ ನೀರಿನ ಪವರ್ ಸಿಗುತ್ತದೆ. ನಲ್ಲಿ ಮುಚ್ಚಿದಾಗ ಪೈಪಿನೊಳಗೆ ಪ್ರೆಶರ್ ಇದ್ದೇ ಇರುತ್ತದೆ, ಆದರೆ ಪವರ್ ಸೊನ್ನೆ. ನೀರೇ ಹರಿಯುತ್ತಿಲ್ಲ ಅಲ್ವಾ?

ಮೊದಲು ಎತ್ತರ ಅಳೆಯಿರಿ. ಸಂಪಿನ ತಳದಿಂದ ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿವರೆಗೆ, ಟೇಪ್ ಹಿಡಿದೇ ಅಳೆಯಿರಿ. 10 ಮೀಟರ್, ಅಂದರೆ 33 ಅಡಿಗೆ ಸುಮಾರು ಒಂದು ಕೆಜಿ ಪ್ರೆಶರ್ ಬೇಕು. ಪೈಪಿನ ಉಜ್ಜಾಟಕ್ಕೆಂದು ಎರಡು ಮೂರು ಮೀಟರ್ ಸೇರಿಸಿಕೊಳ್ಳಿ.

ಆಮೇಲೆ ನೀರು ಎಷ್ಟು ಬೇಕು ನೋಡಿ. 1000 ಲೀಟರ್ ಟ್ಯಾಂಕ್ 25 ನಿಮಿಷದಲ್ಲಿ ತುಂಬಬೇಕಾದರೆ ನಿಮಿಷಕ್ಕೆ 40 ಲೀಟರ್.

ಎಲ್ಲರೂ ಎಡವುವುದು ಮೋಟಾರಿನ ಪ್ಲೇಟ್ ಓದುವಾಗ. ಅದರಲ್ಲಿ ‘ಹೆಡ್ 6–30 ಮೀಟರ್, ನಿಮಿಷಕ್ಕೆ 45–10 ಲೀಟರ್’ ಎಂದಿದೆ ಅಂದುಕೊಳ್ಳಿ. ಹೆಡ್ ಎಂದರೆ ಪಂಪು ನೀರನ್ನು ಎತ್ತುವ ಎತ್ತರ. ಅಂಗಡಿಯವರು ‘30 ಮೀಟರ್ ಎತ್ತುತ್ತೆ, 45 ಲೀಟರ್ ಕೊಡುತ್ತೆ’ ಎನ್ನುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. 45 ಲೀಟರ್ ಬರುವುದು 6 ಮೀಟರಿಗೆ. 30 ಮೀಟರಿಗೆ ಏರಿಸಿದರೆ ಬರೀ 10. ಎತ್ತರ ಹೆಚ್ಚಿದಂತೆ ನೀರು ಇಳಿಯುತ್ತದೆ. ‘ಗರಿಷ್ಠ ಹೆಡ್’ ಎಂದು ಒಂದೇ ಅಂಕಿ ಬರೆದಿದ್ದರೆ, ಆ ಎತ್ತರದಲ್ಲಿ ನೀರು ಬರುವುದೇ ಇಲ್ಲ, ಪೈಪಿನಲ್ಲಿ ನಿಂತಿರುತ್ತದೆ ಅಷ್ಟೇ. ಆದ್ದರಿಂದ ಪೆಟ್ಟಿಗೆಯೊಳಗಿನ ಚಾರ್ಟ್ ಕೇಳಿ ಪಡೆಯಿರಿ. ನಿಮ್ಮ ಎತ್ತರದ ಸಾಲಿನಲ್ಲಿ ನಿಮಗೆ ಬೇಕಾದಷ್ಟು ಲೀಟರ್ ಇದೆಯೇ ನೋಡಿ. ಗಂಟೆಯ ಲೆಕ್ಕವೋ, ನಿಮಿಷದ್ದೋ ಎಂಬುದನ್ನೂ ನೋಡಿ. ಗಂಟೆಗೆ 2400 ಲೀಟರ್ ಅಂದರೂ ನಿಮಿಷಕ್ಕೆ 40 ಅಂದರೂ ಒಂದೇ. ಚಾರ್ಟ್ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಎಚ್‌ಪಿಯನ್ನು ದೊಡ್ಡದಾಗಿ ಬರೆದು ಕಿಲೋವ್ಯಾಟ್ ಬರೆಯದ ಮೋಟಾರನ್ನೂ ಮುಟ್ಟಬೇಡಿ. ಒಂದು ಎಚ್‌ಪಿ ಅಂದ ಮೇಲೆ ಪ್ಲೇಟಿನಲ್ಲಿ ಸುಮಾರು 0.75 ಕಿಲೋವ್ಯಾಟ್ ಇರಲೇಬೇಕು.

ಎಚ್‌ಪಿ ಲೆಕ್ಕ ಈಗ ಸುಲಭ. ನಿಮಿಷದ ಲೀಟರನ್ನು ಮೀಟರಿನಿಂದ ಗುಣಿಸಿ ಆರರಿಂದ ಭಾಗಿಸಿ. 40 ಲೀಟರ್, 15 ಮೀಟರ್ ಆದರೆ 100 ವ್ಯಾಟ್. ಇದು ನೀರಿಗೆ ಸೇರುವ ಪವರ್. ಸಣ್ಣ ಪಂಪುಗಳಲ್ಲಿ ಬಹುಪಾಲು ಪೋಲಾಗುವುದರಿಂದ ಮೂರೂವರೆ ನಾಲ್ಕು ಪಟ್ಟು ಇಟ್ಟುಕೊಳ್ಳಿ. ಹೆಚ್ಚುಕಮ್ಮಿ ಅರ್ಧ ಎಚ್‌ಪಿ ಆಯಿತು. ಎರಡು ಅಂತಸ್ತಿನ ಮನೆಗೆ ಇದಕ್ಕಿಂತ ಜಾಸ್ತಿ ಸುಮ್ನೆ ಖರ್ಚು. ದುಡ್ಡು ಉಳಿಸಲೆಂದು ಒಂದು ಇಂಚಿನ ಬಾಯಿಗೆ ರೆಡ್ಯೂಸರ್ ಹಾಕಿ ಮುಕ್ಕಾಲು ಇಂಚಿನ ಪೈಪ್ ಎಳೆಯುವವರಿದ್ದಾರೆ. ಹಾಗೆ ಮಾಡಿದರೆ ಅಷ್ಟೇ ನೀರಿಗೆ ಉಜ್ಜಾಟದ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಒಂದು ಇಂಚನ್ನೇ ಹಾಕಿಸಿ.

ಇನ್ನು ಶವರ್. ಅದರ ಪ್ರೆಶರ್ ಟ್ಯಾಂಕಿನ ಎತ್ತರದಿಂದ ಬರುತ್ತದೆ, ಸಂಪಿನ ಮೋಟಾರಿನಿಂದಲ್ಲ. ಶವರ್‌ಗಿಂತ ಟ್ಯಾಂಕಿನ ನೀರು ಎರಡೇ ಮೀಟರ್ ಮೇಲಿದ್ದರೆ ಸಿಗುವುದು 0.2 ಕೆಜಿ. ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸಿ, ಇಲ್ಲವೇ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಸಣ್ಣ ಪ್ರೆಶರ್ ಪಂಪ್ ಹಾಕಿಸಿ.

ಜಗಳೂರು, ಚಳ್ಳಕೆರೆ ಕಡೆಯ ಆಳದ ಬೋರಿಗೂ ಇದೇ ಲೆಕ್ಕ. ನೀರಿನ ಮಟ್ಟ 500 ಅಡಿಗೆ ಇಳಿದಿದ್ದರೆ ಸುಮಾರು 15 ಕೆಜಿ ಪ್ರೆಶರ್ ಬೇಕು. ಬೋರಿನೊಳಗೆ ನೀರಲ್ಲಿ ಮುಳುಗಿ ಕೆಲಸ ಮಾಡುವ ಸಬ್‌ಮರ್ಸಿಬಲ್ ಪಂಪಿನಲ್ಲಿ ನೀರು ತಳ್ಳುವ ಚಕ್ರಗಳು ಒಂದರ ಮೇಲೊಂದು ಇರುತ್ತವೆ. ಇಂಥ ಒಂದೊಂದು ಸ್ಟೇಜೂ ಒಂದಿಷ್ಟು ಪ್ರೆಶರ್ ಸೇರಿಸುತ್ತಾ ಹೋಗುತ್ತದೆ. ಅದೇ 5 ಎಚ್‌ಪಿಯಲ್ಲಿ ಸ್ಟೇಜ್ ಹೆಚ್ಚಿದ್ದರೆ ಆಳದಿಂದ ಕಡಿಮೆ ನೀರು, ಸ್ಟೇಜ್ ಕಡಿಮೆ ಇದ್ದರೆ ಮೇಲಿನಿಂದ ಹೆಚ್ಚು ನೀರು. ‘5 ಎಚ್‌ಪಿ ಕೊಡಿ’ ಎಂದಷ್ಟೇ ಕೇಳಬೇಡಿ. ಆಳ ಹೇಳಿ, ಎಷ್ಟು ಸ್ಟೇಜ್ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.